ಹಸಿದ ಇದ್ದಿಲು

ಭಾನುವಾರ, ಮಧ್ಯಾಹ್ನ
ಹೊಲಿಗೆ ಮಷೀನಿನ ಪಕ್ಕದಿಂದ

ನನ್ನ ಮಣ್ಣುಗುಬ್ಬಿಗೆ,

ಅತ್ತೆ ಬರೆಯುವುದು. ಅವನಿಟ್ಟ ಹೆಸರು ಹಿಡಿದು ಕರೆದೆನೆಂದು ಮುಖ ಊದಿಸಿಕೊಳ್ಳಬೇಡ. ಮೊಣಕೈವರೆಗೂ ಮಣ್ಣು ಮೆತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ ನಿನಗೆ ನನ್ನ ಮಗ ಪ್ರೀತಿಯಿಂದ ಇಟ್ಟ ಹೆಸರು ಅದು. ಇಟ್ಟವನು ಹೋದನೆಂದು ಹೆಸರನ್ನೂ ಹಿಂದೆಯೇ ಕಳಿಸಿಕೊಡಲು ನನ್ನಿಂದಾಗದು.

ನಿನ್ನ ಪತ್ರ ತಲುಪಿತು. ಮಣ್ಣು ಪರೀಕ್ಷೆಯ ಲ್ಯಾಬಿನವರು ಮಾತಿಗೂ ತಕ್ಕಡಿ ಇಟ್ಟುಕೊಂಡಿರುತ್ತಾರೆಯೇ? ಅಷ್ಟು ಚುಟುಕಾಗಿ ಬರೆದಿದ್ದೀಯ. ಹೊಲ ಬಿಟ್ಟುಬಿಡಿ, ಇದ್ದಿಲು ಸುರಿದ ಆ ಕಪ್ಪು ಪಾತಿಯನ್ನು ಅಗೆಸಿ ಆಚೆ ಹಾಕಿಸಿ ಎಂದಿದ್ದೀಯ. ಕೊನೆಗೆ, ಅವರೇ ಇಲ್ಲದ ಮೇಲೆ ನಾನು ನಿಮಗೆ ಯಾರು ಎಂದು ಕೇಳಿದ್ದೀಯ. ಆ ಪ್ರಶ್ನೆಯನ್ನು ಸೂಜಿಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಮೊದಲು ಮಣ್ಣಿನ ವಿಷಯ ಬರೆಯುತ್ತೇನೆ, ಅದಾದರೆ ನೀನು ಪೂರ್ತಿ ಓದುತ್ತೀಯ.

ಪಾತಿ ಅಗೆಸಿಲ್ಲ. ಅದು ಈಗ ಹಸಿರಾಗಿದೆ. ನೀನು ಹೋದ ಮೇಲೆ ಡಬ್ಬಿಯಲ್ಲಿ ಉಳಿದಿದ್ದ ಹುರುಳಿಕಾಯಿ ಬೀಜವನ್ನು ಕಪ್ಪು ಪಾತಿಗೂ ಅದರ ಪಕ್ಕದ ಪಾತಿಗೂ ಹಾಕಿದೆ. ಸುಮ್ಮನಿರಲಾರದವಳು ಇರುವೆ ಬಿಟ್ಟುಕೊಂಡಳು ಅಂದುಕೋ. ಮೊದಮೊದಲು ಎರಡೂ ಒಂದೇ ಸಮ ಬೆಳೆದವು. ಆಮೇಲೆ ಜಡಿಮಳೆ ಹಿಡಿಯಿತು. ಮಳೆ ಬಿಟ್ಟಾಗ ಪಕ್ಕದ ಪಾತಿಯ ಎಲೆಗಳು ಹತ್ತು ಸಲ ಒಗೆದ ಯೂನಿಫಾರಂ ಹಾಗೆ ಬಣ್ಣ ಬಿಟ್ಟಿದ್ದವು. ಕಪ್ಪು ಪಾತಿಯದ್ದು ಮಾತ್ರ ಕಡುಹಸಿರು. ಬಳ್ಳಿ ಕೋಲು ದಾಟಿ ತಂತಿಬೇಲಿಯ ಮೇಲೆ ಹತ್ತಿ ಪಕ್ಕದ ಲಾರಿ ಗ್ಯಾರೇಜಿನ ಕಡೆ ಇಣುಕುತ್ತಿದೆ. ಕಾಲ ಕಳೆದಂತೆ ಮಣ್ಣು ತಾನಾಗಿಯೇ ಸರಿಹೋಯಿತು, ನಾನೇನೂ ಮಾಡಲಿಲ್ಲ.

ನನ್ನನ್ನು ನಂಬುವುದಿಲ್ಲ, ಗೊತ್ತು. ಅದಕ್ಕೇ ಎರಡು ಪುಟ್ಟ ಬಟ್ಟೆಚೀಲ ಹೊಲಿದು ಮಣ್ಣು ತುಂಬಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಕೆಂಪು ದಾರದ್ದು ಕಪ್ಪು ಪಾತಿಯದು, ಬಿಳಿ ದಾರದ್ದು ಪಕ್ಕದ್ದು. ನಿನ್ನ ಗಾಜಿನ ಕೊಳವೆಗಳಲ್ಲಿ ಹಾಕಿ ನೋಡು. ಸಾರಜನಕ, ರಂಜಕ, ಮಣ್ಣಿನ ಹುಳಿ, ಏನೇನು ನೋಡುತ್ತೀಯೋ ಎಲ್ಲ ನೋಡು.

ನೀನು ಇದ್ದಿಲು ಸುರಿದ ಆ ದಿನ ನಾನು ಕಿಟಕಿಯಲ್ಲಿ ನಿಂತಿದ್ದೆ, ನಿನಗೆ ಗೊತ್ತಿಲ್ಲ. ಆಸ್ಪತ್ರೆಗೆ ನಡೆದುಕೊಂಡೇ ಹೋದ ನನ್ನ ಮಗ ನಡೆದುಕೊಂಡು ಬರಲಿಲ್ಲ. ಅವನು ಕಡ್ಡಿಕಸವನ್ನೆಲ್ಲ ಮುಚ್ಚಿದ ಡ್ರಮ್ಮಿನಲ್ಲಿ ಸುಟ್ಟು ಮಾಡಿಟ್ಟಿದ್ದ ಇದ್ದಿಲು ಹಿತ್ತಿಲಲ್ಲಿ ಹಾಗೇ ಇತ್ತು. ನೀನು ಅದನ್ನು ಬುಟ್ಟಿ ಬುಟ್ಟಿ ಹೊತ್ತು ತಂದು ಪಾತಿಗೆ ಸುರಿದೆ, ಬರಿಗೈಯಲ್ಲೇ ಕಲಸಿದೆ. ಹೊಸ ಇದ್ದಿಲನ್ನು ಹಾಗೇ ಹಾಕಬಾರದು, ಅದರ ಹೊಟ್ಟೆ ಖಾಲಿ ಇರುತ್ತೆ, ಗೊಬ್ಬರದ ನೀರಲ್ಲಿ ನೆನೆಸದೆ ಹಾಕಿದರೆ ಗಿಡಕ್ಕೆ ಸೇರಬೇಕಾದ್ದನ್ನೆಲ್ಲ ಅದೇ ಹೀರಿಕೊಂಡು ಕೂರುತ್ತೆ ಎಂದು ಊಟಕ್ಕೆ ಕೂತಾಗಲೆಲ್ಲ ನನಗೆ ಪಾಠ ಹೇಳಿದವಳು ನೀನೇ. ಗೊತ್ತಿದ್ದೂ ಹಸಿಹಸಿಯಾಗಿ ಸುರಿದೆ. ಅವನ ಕೈ ಮುಟ್ಟಿದ್ದು ಬೇಗ ಮಣ್ಣು ಸೇರಲಿ, ಬೇಗ ಏನಾದರೂ ಚಿಗುರಲಿ ಎಂಬ ಆತುರ ನಿನಗೆ. ನೆನೆಸಿಟ್ಟು ಕಾಯುವ ತಾಳ್ಮೆ ಆಗ ಯಾರಿಗಿತ್ತು? ನಿನಗೆ ಅಡ್ಡ ಬರಬೇಕೆಂದು ನನಗೂ ಅನ್ನಿಸಲಿಲ್ಲ.

ಆ ಪಾತಿಗೆ ಹಾಕಿದ ಗಿಡ ಹಳದಿಯಾದಾಗ ನೀನು ಒಂದು ತೊಟ್ಟೂ ಕಣ್ಣೀರು ಹಾಕಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು. ಅವರ ಕೊನೇ ಕೆಲಸಾನೂ ನಾನೇ ಹಾಳ್ಮಾಡ್ದೆ ಅತ್ತೆ ಅಂದೆ. ಮರುವಾರವೇ ಚೀಲ ಕಟ್ಟಿದೆ. ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ ಅಂದೆ. ಸಿಕ್ಕಿದ್ದು ಒಳ್ಳೆಯದೇ, ಬೇಡವೆನ್ನಲು ನಾನ್ಯಾರು? ಆದರೆ ಬಸ್ಸು ಹತ್ತುವಾಗ ಹಿಂತಿರುಗಿ ನೋಡಲಿಲ್ಲ ನೋಡು, ಅದಕ್ಕೆ ಇವತ್ತಿಗೂ ನಿನ್ನ ಮೇಲೆ ಸಿಟ್ಟಿದೆ.

ಈಗೀಗ ಮಧ್ಯಾಹ್ನ ಕಾಲರ್ ಹೊಲಿಯುತ್ತ ಕೂತಲ್ಲೇ ಕಣ್ಣು ಎಳೆಯುತ್ತದೆ. ಹೊರಗೆ ಬಿಸಿಲು, ಒಳಗೆ ಮಷೀನಿನ ಎಣ್ಣೆಯ ವಾಸನೆ, ಎಲ್ಲೋ ಗ್ಯಾರೇಜಿನ ಸುತ್ತಿಗೆಯ ಟಣ್ ಟಣ್. ಅವನು ಒಮ್ಮೆ ಇದ್ದಿಲನ್ನು ಮುರಿದು ಭೂತಗಾಜಿನಲ್ಲಿ ತೋರಿಸಿದ್ದು ನೆನಪಿದೆಯೇ? ಒಳಗೆಲ್ಲ ತೂತು, ತೂತಿನೊಳಗೆ ತೂತು. ನೋಡಮ್ಮಾ, ಎಷ್ಟು ಕೋಣೆ, ಬಾಡಿಗೆಗೆ ಕೊಟ್ರೆ ಸಾಹುಕಾರ್ರಾಗ್ಬಿಡ್ತೀವಿ ಎಂದು ನಗಿಸಿದ್ದ. ನನ್ನ ಕನಸೆಲ್ಲ ಆ ಕೋಣೆಗಳದ್ದೇ. ಮೊದಲು ಬರುತ್ತಿದ್ದ ಕನಸಿನಲ್ಲಿ ಕೋಣೆಗಳೆಲ್ಲ ಖಾಲಿ. ಕದಗಳು ಗಾಳಿಗೆ ಹೊಡೆದುಕೊಳ್ಳುತ್ತಿದ್ದವು. ನಾನು ಒಂದರಿಂದ ಇನ್ನೊಂದಕ್ಕೆ ಹೋಗಿ ಯಾರಿದ್ದೀರಿ ಎಂದು ಕೇಳುತ್ತಿದ್ದೆ, ನನ್ನ ದನಿ ನನಗೇ ವಾಪಸು ಬರುತ್ತಿತ್ತು.

ಈಚೆಗೆ ಕನಸು ಬದಲಾಗಿದೆ. ಗೋಡೆಗಳು ತೇವವಾಗಿವೆ. ಪ್ರತಿ ಕೋಣೆಯಲ್ಲೂ ಯಾರೋ ಅಡುಗೆ ಮಾಡುತ್ತಿದ್ದಾರೆ, ಪಾತ್ರೆಯ ಸದ್ದು ಕೇಳುತ್ತದೆ. ಬಿಳಿಯ ಬೇರುಗಳು ನಿಧಾನವಾಗಿ ಓಣಿಯಲ್ಲಿ ನಡೆದು ಬಂದು ಬಾಗಿಲು ತಟ್ಟುತ್ತವೆ. ಒಳಗಿನಿಂದ ಒಂದು ಕೈ ಬಟ್ಟಲು ನೀಡುತ್ತದೆ. ಗಡಿಬಿಡಿಯಿಲ್ಲ, ಸ್ವಲ್ಪ ಸ್ವಲ್ಪವೇ. ಕೈ ಯಾರದೆಂದು ನೋಡಲು ಬಗ್ಗುತ್ತೇನೆ, ಅಷ್ಟರಲ್ಲಿ ದಾರ ತುಂಡಾಗಿ ಎಚ್ಚರವಾಗುತ್ತದೆ. ಎದ್ದ ಮೇಲೂ ಅಂಗೈ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಅವನ ನೆನಪಾಗಿ ಅತ್ತುಬಿಡುತ್ತೇನೆ, ಅತ್ತ ಮೇಲೆ ಅಂಗಿಗೆ ಗುಂಡಿ ಹಾಕುವ ಕೆಲಸ ಚೆನ್ನಾಗಿ ಸಾಗುತ್ತದೆ.

ಇನ್ನು ಹೊಲದ ಸಂಗತಿ. ಜಾಗದ ಯಜಮಾನ, ಅದೇ ಗ್ಯಾರೇಜಿನವನು, ಬಂದಿದ್ದ. ಲಾರಿ ನಿಲ್ಲಿಸಲು ಜಾಗ ಸಾಲುತ್ತಿಲ್ಲವಂತೆ. ನಿಮ್ ಸೊಸೆ ಬಂದು ಬೆಳೆಯೋದಾದ್ರೆ ಸರಿ, ಇಲ್ಲಾಂದ್ರೆ ಕಾಂಕ್ರೀಟ್ ಹಾಕಿಸ್ತೀನಿ, ಗುರುವಾರದೊಳಗೆ ಹೇಳ್ಬಿಡಿ ಅಂದ. ಕೆಟ್ಟವನಲ್ಲ, ಬಳ್ಳಿ ಅವನ ಕಡೆ ಚಾಚಿದ್ದನ್ನು ಕತ್ತರಿಸದೆ ಕೋಲು ಕೊಟ್ಟು ಎತ್ತಿ ಕಟ್ಟಿದ್ದಾನೆ. ಆದರೆ ಲಾರಿಗೆ ಹುರುಳಿಕಾಯಿಯ ರುಚಿ ಏನು ಗೊತ್ತು? ಕಾಂಕ್ರೀಟ್ ಬಿದ್ದರೆ ಅವನು ಸುಟ್ಟದ್ದು, ನೀನು ಕಲಸಿದ್ದು, ಎಲ್ಲ ಅದರಡಿಗೆ ಹೋಗುತ್ತದೆ.

ಬಾ ಎಂದು ನಾನು ಕರೆಯುವುದಿಲ್ಲ. ನಿನಗೆ ಅಲ್ಲಿ ಬಿಳಿ ಕೋಟಿದೆ, ಫ್ಯಾನಿದೆ, ವಯಸ್ಸಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ನಮಗಿಬ್ಬರಿಗೂ ಒಂದೇ ಸಲ ಕೆಟ್ಟ ಕಾಲ ಬಂತು, ಅಷ್ಟೇ. ಮಣ್ಣಿನ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನಿನಗೆ ತೋಚಿದಂತೆ ಮಾಡು. ನೀನು ಯಾರು ಎಂಬ ಪ್ರಶ್ನೆಯನ್ನು ಈಗ ಡಬ್ಬಿಯ ಕೆಳಗಿನಿಂದ ತೆಗೆದು ನೋಡಿದೆ. ಮಗನ ದಾರದಿಂದ ಹೊಲಿದ ನಂಟು, ದಾರ ಹೋಯಿತು. ಆದರೂ ಬಟ್ಟೆ ಬಿಚ್ಚಿಕೊಂಡಿಲ್ಲ, ಯಾಕೋ ನನಗೆ ತಿಳಿಯದು.

ಹೊತ್ತುಹೊತ್ತಿಗೆ ಊಟ ಮಾಡು. ಕೂದಲಿಗೆ ಎಣ್ಣೆ ಹಚ್ಚು.

ಕಿಟಕಿಯಲ್ಲೇ ನಿಂತಿರುವ,
ನಿನ್ನ ಅತ್ತೆ

ತಾ.ಕ.: ಕೆಂಪು ದಾರದ ಚೀಲದ ಬಾಯಿ ಹೊಲಿಯುವಾಗ ಕೈ ತಡೆಯಿತು. ಪರೀಕ್ಷೆ ಮಾಡುವವಳಿಗೆ ಸುಳ್ಳು ಹೇಳಬಾರದು, ನೀನು ತಪ್ಪು ಬರೆದುಕೊಂಡೀಯ. ಪಾತಿ ತಾನಾಗಿಯೇ ಸರಿಹೋಗಲಿಲ್ಲ. ನೀನು ಬಸ್ಸು ಹತ್ತಿದ ಸಂಜೆಯಿಂದಲೂ ಗೊಬ್ಬರದ ಗುಂಡಿಯ ನೀರನ್ನು ಹಳೆ ಲೈನಿಂಗ್ ಬಟ್ಟೆಯಲ್ಲಿ ಸೋಸಿ ಬಿಂದಿಗೆಯಲ್ಲಿ ಹೊತ್ತು ಹಾಕುತ್ತಿದ್ದೇನೆ. ನನ್ನ ಮಗ ಮಾಡಿಟ್ಟದ್ದು ಅಲ್ಲಿ ಹಸಿದು ಬಿದ್ದಿರುವಾಗ ನನಗೆ ತುತ್ತು ಇಳಿಯುತ್ತಿರಲಿಲ್ಲ. ಪಂಕ್ತಿಭೇದ ಬೇಡವೆಂದು ಪಕ್ಕದ ಪಾತಿಗೂ ಅಷ್ಟೇ ಹಾಕಿದೆ. ಅದರದ್ದನ್ನು ಮಳೆ ತೊಳೆದುಕೊಂಡು ಹೋಯಿತು. ಇದ್ದಿಲು ಮಾತ್ರ ಕೊಟ್ಟದ್ದನ್ನು ಬಿಡದೆ ಇಟ್ಟುಕೊಂಡು ಗಿಡಕ್ಕೆ ಕೊಟ್ಟಿತು. ನೀನು ಹಾಳುಮಾಡಿರಲಿಲ್ಲ ಕಣೇ, ಉಣಿಸುವ ಕೆಲಸವೊಂದು ಬಾಕಿ ಇತ್ತು. ಈಗ ಸೊಂಟ ಹಿಡಿಯುತ್ತದೆ, ಬಿಂದಿಗೆ ಏಳುವುದಿಲ್ಲ.

ಇನ್ನೊಂದು. ಗ್ಯಾರೇಜಿನವನನ್ನು ಗುರುವಾರದವರೆಗೆ ಕಾಯಿಸಲಿಲ್ಲ. ನನ್ನ ಮಗಳು ಬರುತ್ತಾಳೆ, ಹೊಲ ಅವಳೇ ನೋಡಿಕೊಳ್ಳುತ್ತಾಳೆ ಎಂದು ನಿನ್ನೆಯೇ ಹೇಳಿಬಿಟ್ಟೆ. ನಿಮಗೆ ಮಗಳಿದ್ದಾಳಾ ಎಂದು ಅವನು ಕಣ್ಣರಳಿಸಿ ಕೇಳಿದ. ಇದ್ದಾಳೆ ಎಂದೆ.