ಪೂಜೆಗಿಟ್ಟ ಪಂಪು

ಗ್ಲೆನ್ ವೇವರ್ಲಿ
ಸೋಮವಾರ

ಕರುಣಾಕರಣ್ಣನಿಗೆ,

ನಿಮ್ಮ ವ್ಯಾನಿನ ಗಾಜು ಒಡೆದದ್ದು ಕೈತಪ್ಪಿ ಅಲ್ಲ. ನೀವು ಒಳಗೆ ಕುಳಿತದ್ದನ್ನು ನೋಡಿಯೇ ಗೆದ್ದಲಿನ ಮದ್ದಿನ ಪಂಪನ್ನು ಬೀಸಿ ಹೊಡೆದೆ. ಪೊಲೀಸರಿಗೂ ಹಾಗೆಯೇ ಹೇಳಿದ್ದೇನೆ.

ಹನ್ನೊಂದು ವರ್ಷ ನನ್ನ ಗಂಡ ಅದನ್ನು ಬೆನ್ನಿಗೆ ಹೊತ್ತು ನಿಮ್ಮಲ್ಲಿ ದುಡಿದರು. ಮಾಸ್ಕ್ ಕೇಳಿದರೆ, “ಎಂತ ಆಗುದಿಲ್ಲ ಮಾರಾಯ, ವಾಸನೆ ಮಾತ್ರ” ಎಂದಿರಿ. ಪ್ರತಿ ಆಯುಧ ಪೂಜೆಗೆ ನಾನೇ ಅದನ್ನು ದೇವರ ಮುಂದೆ, ಕಾಯಿ ಒಡೆಯುವ ಕತ್ತಿಯ ಪಕ್ಕ ಇಟ್ಟು ಕುಂಕುಮ ಹಚ್ಚಿದೆ. ಮಗಳ ಹಣೆಯನ್ನು ಅದಕ್ಕೆ ಮುಟ್ಟಿಸಿದೆ.

ಇವರ ರಕ್ತದ ಕ್ಯಾನ್ಸರಿಗೆ ಆ ಮದ್ದು ಕಾರಣವಿರಬಹುದು ಎನ್ನುವ ಡಾಕ್ಟರು ಅದರ ಹೆಸರು ಕೇಳುತ್ತಿದ್ದಾರೆ. ಡಬ್ಬಿಗಳ ಲೇಬಲ್ ಕಿತ್ತವರು ನೀವು. ನಿಮ್ಮ ಹಣೆಯ ಹೊಲಿಗೆ ಬಿಚ್ಚುವ ಮೊದಲೇ ಹೆಸರು ಬರೆದು ಕಳಿಸಿ.

ಪಂಪನ್ನು ಪೊಲೀಸರು ಕೊಂಡುಹೋದರು. ಕತ್ತಿ ಮನೆಯಲ್ಲೇ ಇದೆ.

ಕುಸುಮಾವತಿ