ಅಕ್ಕಿ ಮೂಟೆಯ ಪಕ್ಕದ ಕೊಂಬು

ಕಾಪೆಲ್, ಟೆಕ್ಸಸ್
26 ಅಕ್ಟೋಬರ್ 2015

ಅಕ್ಕನಿಗೆ ನಮಸ್ಕಾರ.

ನಮ್ಮ ಕಿರಿಯವನು ಮೋಹನರಾಜ ಇಲ್ಲಿ ಬೇಟೆ ಕಲಿತಿದ್ದಾನೆ. ಹೋದ ವಾರ ಕೊಲೊರಾಡೊದ ಸರ್ಕಾರಿ ಕಾಡಿನಲ್ಲಿ, ಪರವಾನಗಿ ಪಡೆದೇ, ಕಡವೆಗಿಂತ ದೊಡ್ಡದಾದ ಗಂಡು ಎಲ್ಕ್ ಒಂದನ್ನು ಹೊಡೆದ. ಇವನ ಮನೆಗೆ ಮೊಟ್ಟೆಯೂ ಬರುವುದಿಲ್ಲ. ಹಾಗಾಗಿ ತಲೆ ಮಾತ್ರ ಕತ್ತರಿಸಿಕೊಂಡು, ಮಾಂಸವನ್ನು ಅಲ್ಲೇ ಬಿಟ್ಟು ಬೆಟ್ಟ ಇಳಿಯಲು ಹೊರಟನಂತೆ. ಜೊತೆಗಿದ್ದ ಕೊಡಗಿನ ಪೂಣಚ್ಚ, "ತಿನ್ನೋನಲ್ಲ ಅಂದ್ಮೇಲೆ ಕ್ಯಾಮೆರಾ ತರಬೇಕಿತ್ತು ಕಣಯ್ಯ" ಎಂದು ಬೈದು, ಮಾಂಸವನ್ನೆಲ್ಲ ನಾಲ್ಕೈದು ಸಲ ಹತ್ತಿಳಿದು ಒಬ್ಬನೇ ಹೊತ್ತು ಇಳಿಸಿದ. ಈಗ ಸೊಂಟ ಹಿಡಿದು ಮಲಗಿದ್ದಾನೆ. ಇವನು ನೋಡಲೂ ಹೋಗಿಲ್ಲ.

ಕೊಂಬು ಗ್ಯಾರೇಜಿನಲ್ಲಿ ಸೋನಾ ಮಸೂರಿ ಮೂಟೆಗಳ ಪಕ್ಕ ಒಣಗುತ್ತಿದೆ.

"ಮಾಂಸ ಮುಟ್ಟಿದ್ರೆ ಮೈಲಿಗೆ, ಕೊಂದ್ರೆ ಇಲ್ವೇನೋ?" ಎಂದು ಕೇಳಿದೆ.

"ಪಬ್ಲಿಕ್ ಲ್ಯಾಂಡ್ ಅಣ್ಣ, ಎಲ್ರಿಗೂ ಹಕ್ಕಿದೆ" ಎಂದ.

ನನ್ನ ಮಂಡಿನೋವು ಕಡಿಮೆಯಾಗಿದೆ, ಮಾತ್ರೆ ಸಾಕಷ್ಟಿದೆ. ನಾಳೆ ಬೆಳಿಗ್ಗೆ ಲಿಟಲ್ ಎಲ್ಮ್‌ಗೆ, ಪೂಣಚ್ಚನ ಮನೆಗೆ ಹೊರಟಿದ್ದೇನೆ. ಅವನಿಗೆ ಎದ್ದು ನೀರು ಕುಡಿಯಲೂ ಆಗುತ್ತಿಲ್ಲ. ಊರಿಗೆ ಹೊರಡುವವರೆಗೂ ಅಲ್ಲೇ ಇರುತ್ತೇನೆ.

ಟಪಾಲಿನ ಗಾಡಿ ಬಂತು. ದೀಪಾವಳಿಗೆ ಇವನು ಕೊಂಬನ್ನು ಗೋಡೆಗೇರಿಸಿ ನಿನಗೆ ಫೋಟೊ ಕಳಿಸುತ್ತಾನಂತೆ. ನೀನು ಯಾವತ್ತೂ ಅವನ ಮನಸ್ಸು ನೋಯಿಸಿದವಳಲ್ಲ. ಈ ಸಲ ಚೆನ್ನಾಗಿದೆ ಎನ್ನಬೇಡ.

ನಿನ್ನ ತಮ್ಮ
ಮುರಳೀಧರ