ಡ್ವೇನ್‌ಗೆ ಮತ್ತೆ ಪ್ರೊಬೇಷನ್

ಜೂನ್ ೧೪, ಶನಿವಾರ

ಎದುರಾಳಿ ಚಾಲಕ ಡ್ವೇನ್‌ಗೆ ರೇಸ್ ನಡೆಸುವವರು ಕಳೆದ ತಿಂಗಳೇ ಪ್ರೊಬೇಷನ್ ಹಾಕಿದ್ದರು; ಇನ್ನೊಮ್ಮೆ ಬೇಕೆಂದೇ ಬೇರೆ ಕಾರಿಗೆ ಗುದ್ದಿದರೆ ಸ್ಟಾಕ್ ಕಾರ್ ರೇಸಿನಿಂದಲೇ ಹೊರಗೆ ಎಂದಿದ್ದರು. ಇಂದು ನನ್ನ ತಮ್ಮ ವೆಂಡೆಲ್‌ನ ಕಾರನ್ನು ಗೋಡೆಗೆ ತಳ್ಳಿದ. ತಮ್ಮನ ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ.

ಗ್ಯಾಲರಿಯ ಚಾವಣಿಯ ಮೇಲಿಂದ ನಾನು ವೆಂಡೆಲ್‌ಗೆ ರೇಡಿಯೊದಲ್ಲಿ ದಾರಿ ಹೇಳುತ್ತಿದ್ದೆ. ಪಕ್ಕದಲ್ಲೇ ಡ್ವೇನ್‌ಗೆ ದಾರಿ ಹೇಳುವ ಲೈಲ್. ಅವನು ಮೈಕಿನಲ್ಲಿ ಅಂದದ್ದನ್ನು ಕಿವಿಯಾರೆ ಕೇಳಿದೆ: “ಗುದ್ದೋ ಮಾರಾಯ, ಏನ್ ಕಿತ್ಕೋತಾರೆ? ಇನ್ನೊಂದು ಪ್ರೊಬೇಷನ್ ಅಷ್ಟೆ!”

ರೇಸ್ ನಿರ್ದೇಶಕರಿಗೆ ಅದನ್ನೇ ಹೇಳಿದೆ.

“ವರ್ಷದ ಕೊನೆವರೆಗೂ ಪ್ರೊಬೇಷನ್ ಹಾಕಿದೀನಲ್ಲಮ್ಮ, ಇನ್ನೇನ್ ಬೇಕು? ಜನ ಟಿಕೆಟ್ ತಗೊಂಡು ಬರೋದೇ ಅವನನ್ನ ಬೈಯೋಕೆ” ಎಂದರು.

ಲೈಲ್ ಹೇಳಿದ್ದೇ ನಿಜವಾಯಿತಲ್ಲ ಎಂದು ಮೈ ಉರಿಯುತ್ತಿದೆ.

ಮುಂದಿನ ಶನಿವಾರ ನಮ್ಮ ಬದಲಿ ಕಾರನ್ನು ಚಿಕ್ಕಪ್ಪನ ಮಗ ಓಡಿಸುತ್ತಾನೆ. ಮೈಕ್ ನನ್ನ ಕೈಯಲ್ಲೇ ಇರುತ್ತದೆ. ಡ್ವೇನ್ ಮುಂದೆ ಸಿಕ್ಕರೆ ಏನು ಹೇಳಬೇಕೆಂದು ನನಗೆ ಗೊತ್ತು. ನಮ್ಮ ತಂಡದ ಮೇಲೆ ಇದುವರೆಗೆ ಒಂದು ಪ್ರೊಬೇಷನ್ನೂ ಇಲ್ಲ.